ರಬ್ಬರ್ ಬಿರಡೆ

ಸತುರ್ನಿನಾ ಕಲಿಸಾಯಾ ಪುಕ್ಕಲು ಹೆಂಗಸು. ನಾನು ಚಾಡಿ ಹೇಳುತ್ತಿಲ್ಲ, ನಮ್ಮ ಗಣಿಯೂರಿನಲ್ಲಿ ಇದು ಸಂತೆಗೆ ಮೂಟೆ ಹೊತ್ತು ಬರುವ ಲಾಮಾ ಪ್ರಾಣಿಗಳಿಗೂ ಗೊತ್ತಿದ್ದ ವಿಷಯ. ಒರೂರೊ ಪಟ್ಟಣಕ್ಕೆ ಹೋಗುವ ಬಸ್ಸು ಕಣಿವೆಯ ತಿರುವಿಗೆ ಬಂದರೆ ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುವಳು. ಮನೆಯ ಗ್ಯಾಸ್ ಆರಿಸಿ ಬೀದಿಗೆ ಬಂದವಳು ಮತ್ತೆ ಒಳಗೆ ಹೋಗಿ ನೋಡಿ ಬರುವಳು. ಪಾಳಿ ಮುಗಿಯುವ ಹೊತ್ತಿಗೆ ಬೆಟ್ಟದ ಹೊಟ್ಟೆಯೊಳಗೆ ಸಿಡಿಮದ್ದು ಹಾರಿ ಊರಿನ ಕಿಟಕಿ ಗಾಜೆಲ್ಲ ಗಡಗಡ ಅಂದರೆ ನಾವು ತಲೆ ಕೂಡ ಎತ್ತುವುದಿಲ್ಲ, ತಟ್ಟೆಯ ಆಲೂಗಡ್ಡೆ ತನ್ನ ಪಾಡಿಗೆ ಬಾಯಿಗೆ ಹೋಗುತ್ತಿರುತ್ತದೆ. ಅವಳು ಹುಟ್ಟಿದಾಗಿನಿಂದ ಅದೇ ಸದ್ದು ಕೇಳಿ ಬೆಳೆದವಳು, ಆದರೂ ಮೇಜಿನ ಅಂಚು ಹಿಡಿದು ಬಿಳಿಚಿಕೊಳ್ಳುವಳು. ಜೊತೆಯ ಮೇಷ್ಟ್ರುಗಳು ಅವಳಿಗೆ ವಿಸ್ಕಾಚಾ ಎಂದು ಹೆಸರಿಟ್ಟಿದ್ದರು. ಬಂಡೆ ಸಂದಿಯಲ್ಲಿ ಕೂತಿದ್ದು, ಒಂದು ಕಲ್ಲುರುಳಿದರೆ ಸಾಕು, ಬಾಲ ಎತ್ತಿಕೊಂಡು ಬಿಲಕ್ಕೆ ಓಡುವ ಮೊಲದಂಥ ಪ್ರಾಣಿ ಅದು.

ಇಂಥವಳಿಗೆ ದೇವರು ಕೊಟ್ಟ ಕೆಲಸ ನೋಡಿ! ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವುದು, ಮೇಲೆ ಪ್ರಯೋಗಶಾಲೆಯ ಸ್ಟೋರ್ ಕೋಣೆಯ ಬೀಗದ ಕೈ ಇಟ್ಟುಕೊಳ್ಳುವುದು. ಕಿಟಕಿಯಿಲ್ಲದ ಪುಟ್ಟ ಕೋಣೆ. ಎಂದೋ ಗಣಿ ಕಂಪನಿ ದಾನ ಕೊಟ್ಟ ಆಮ್ಲಗಳು, ಲವಣಗಳು, ಹೆಸರು ಅಳಿಸಿಹೋದ ಪುಡಿಗಳು, ಎಲ್ಲ ಅಲ್ಲಿ. ಅವಳು ಆ ಬಾಗಿಲು ತೆಗೆಯುವ ಮುಂಚೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುವಳು.

ಹೆದರಿಕೆ ಇದ್ದರೆ ತಪ್ಪೇನೂ ಇಲ್ಲ ಬಿಡಿ. ಅವಳ ಕಷ್ಟ ಬೇರೆ ಇತ್ತು. ಹೆದರಿಕೆಯಾದಾಗ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ನಕ್ಕುಬಿಟ್ಟಾರು ಎಂಬ ಇನ್ನೊಂದು ಹೆದರಿಕೆ ಮೊದಲ ಹೆದರಿಕೆಯ ಬಾಯಿ ಮುಚ್ಚಿಸಿಬಿಡುತ್ತಿತ್ತು.

ಚಿಕ್ಕಂದಿನಿಂದಲೂ ಹೀಗೆಯೇ. ಅವಳಪ್ಪ ಗಣಿಯಿಂದ ತಂದ ಸಿಡಿಮದ್ದಿನ ಕೇಪುಗಳನ್ನು ಅಡುಗೆಮನೆಯಲ್ಲಿ, ಒಲೆಯ ಮೇಲಿನ ಹಲಗೆಯ ಮೇಲೆ, ಹಾಲಿನ ಪುಡಿಯ ಡಬ್ಬಿಯಲ್ಲಿ ಇಡುತ್ತಿದ್ದ. ತೇವ ತಾಗಬಾರದಲ್ಲ, ಅದಕ್ಕೆ. ಊರಲ್ಲಿ ಎಲ್ಲರೂ ಇಡುತ್ತಿದ್ದರು. ಹುಡುಗಿ ಆ ಡಬ್ಬಿ ನೋಡಿ ನೋಡಿ ಕೊನೆಗೆ ಮನೆಯೊಳಗೆ ಊಟ ಮಾಡುವುದನ್ನೇ ಬಿಟ್ಟಳು. ಸೂಪಿನ ಬಟ್ಟಲು ಹಿಡಿದು ಚಳಿಯಲ್ಲಿ ಅಂಗಳದ ಗೋಡೆಗೆ ಒರಗಿ ಕೂರುವಳು. ಅಮ್ಮ ಬೈದಳು, ಅಣ್ಣಂದಿರು ನಕ್ಕರು. ಯಾಕೆ ಎಂದು ಕೇಳಿದವನು ಒಬ್ಬನೇ, ಫೊರ್ತುನಾತೊ. ಅಪ್ಪನ ಜೊತೆ ಅದೇ ಸುರಂಗದಲ್ಲಿ ಕೆಲಸ ಮಾಡುತ್ತಿದ್ದವನು, ಚರ್ಚಿನಲ್ಲಿ ಹೆಸರಿಟ್ಟ ದಿನ ಇವಳನ್ನು ಎತ್ತಿ ಹಿಡಿದವನು, ಇವಳ ಪದ್ರಿನೊ. ಅವಳು ಮಾತಾಡಲಿಲ್ಲ, ಕೈ ತೋರಿಸಿದಳು ಅಷ್ಟೆ. ಅವನು ನಗಲಿಲ್ಲ. ಒಳಗೆ ಹೋಗಿ ಡಬ್ಬಿಯನ್ನು ಎದೆಗೊತ್ತಿ ಹಿಡಿದು, ಗರ್ಭಿಣಿ ನಡೆದ ಹಾಗೆ ನಿಧಾನವಾಗಿ ನಡೆದು, ಊರಾಚೆ ಕಿಟ್ಟದ ಗುಡ್ಡೆಯ ಹಿಂದೆ ಇಟ್ಟು ಬಂದ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿ ಗೇಲಿ ಮಾಡಿದರು. ಆ ದಿನದಿಂದ ಅವಳಿಗೆ ಅಪ್ಪನಿಗಿಂತ ಪದ್ರಿನೊ ಮೇಲೆ ಜೀವ.

ಈಗ ಅಪ್ಪ ಇಲ್ಲ, ಅಮ್ಮ ಇಲ್ಲ, ಅಣ್ಣಂದಿರು ಅರ್ಜೆಂಟೀನಾದಲ್ಲಿ. ಉಳಿದವನು ಇವನೊಬ್ಬನೇ. ಗಣಿಯ ದೂಳು ಅರ್ಧ ಎದೆ ತಿಂದ ಮೇಲೆ ಫೊರ್ತುನಾತೊ ಅದೇ ಶಾಲೆಯ ಕಾವಲುಗಾರನಾಗಿದ್ದ. ಗೇಟಿನಲ್ಲಿ ಕೋಕಾ ಎಲೆ ಅಗಿಯುತ್ತ ಕೂತು, ತಡವಾಗಿ ಬಂದ ಹುಡುಗರನ್ನು ರೇಗಿಸುತ್ತ, ಮಧ್ಯೆ ಮಧ್ಯೆ ಕೆಮ್ಮುತ್ತ ಇರುತ್ತಿದ್ದ. ಆ ಕೆಮ್ಮು ಒಂದು ದಿನ ಕೇಳದಿದ್ದರೆ ಇವಳ ಜೀವ ಬಾಯಿಗೆ ಬರುತ್ತಿತ್ತು.

ಒಂದು ವರ್ಷ ಬೇಸಿಗೆ ರಜೆಗೆ ಮುಂಚೆ ಒಂದು ದಿನ ಸತುರ್ನಿನಾ ಸ್ಟೋರಿನಲ್ಲಿ ನೈಟ್ರಿಕ್ ಆಮ್ಲದ ಬಾಟಲಿ ಎತ್ತಿದಳು. ಮುಚ್ಚಳ ಒಣ ರೊಟ್ಟಿಯಂತೆ ಪುಡಿಪುಡಿಯಾಗಿ ಕೈಗೆ ಬಂತು. ಬಾಟಲಿಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು. ನೇರವಾಗಿ ಮುಖ್ಯೋಪಾಧ್ಯಾಯಿನಿ ಎದೆಲ್ಮೀರಾ ಅವರ ಕೋಣೆಗೆ ಹೋದಳು.

"ಮೇಡಂ, ಹೊಸ ಪಾತ್ರೆ ಬೇಕು. ಆಮ್ಲ ಇಡೋದಕ್ಕೆ."

"ಅದಕ್ಕೇನಂತೆ, ಕ್ಯಾಂಟೀನಲ್ಲಿ ಸೋಡಾ ಬಾಟಲಿ ರಾಶಿ ಬಿದ್ದಿದೆ. ತೊಳೆದು ತುಂಬ್ಕೊಳ್ಳಿ."

"ಅಯ್ಯೋ, ಬೇಡ ಮೇಡಂ! ಯಾರಾದ್ರೂ ಸೋಡಾ ಅಂತ ಕುಡಿದ್ರೆ?"

ಗಣಿತದ ವಾಲ್ತೇರ್ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಬಾಯಿ ಸುಮ್ಮನಿರುವ ಮನುಷ್ಯನಲ್ಲ. "ಹಾಗಾದ್ರೆ ಎಣ್ಣೆ ಟಿನ್ನಲ್ಲಿ ಹಾಕಿ ಪ್ರೊಫೆ. ಗಟ್ಟಿಯಾಗಿರುತ್ತೆ." ನಮ್ಮಲ್ಲಿ ಮೇಷ್ಟ್ರುಗಳನ್ನು ಕರೆಯುವುದು ಪ್ರೊಫೆ ಎಂದೇ.

"ತಗಡು ತಿಂದು ತೂತು ಮಾಡುತ್ತೆ ಅದು."

"ತಗಡು ತಿನ್ನುತ್ತೆ, ಸೋಡಾ ಬಾಟಲಿ ಆಗಲ್ಲ. ಮತ್ತೆ ಯಾತರಲ್ಲಿ ಇಡ್ತೀರಿ, ನಿಮ್ಮ ಹ್ಯಾಟಲ್ಲಾ?" ಎಂದು ಅವನು ನಕ್ಕ. ಎದೆಲ್ಮೀರಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು. ಸತುರ್ನಿನಾ ಕೆಂಪಾಗಿ ಹೊರಗೆ ಬಂದಳು.

ಬಿಡಲಿಲ್ಲ ಅವಳು. ಔಷಧಿ ಅಂಗಡಿಯವರ ಕಾಲು ಹಿಡಿಯುವುದೊಂದು ಬಾಕಿ, ದಪ್ಪ ಗಾಜಿನ ಕಂದು ಬಾಟಲಿ ಒಂದನ್ನು ಸಂಪಾದಿಸಿದಳು. ಅದಕ್ಕೆ ಮುಚ್ಚಳ ಇರಲಿಲ್ಲ. ಪ್ರಯೋಗಶಾಲೆಯ ಡ್ರಾಯರಿನಲ್ಲಿ ರಬ್ಬರ್ ಬಿರಡೆಗಳು ಬೇಕಾದಷ್ಟಿದ್ದವು, ಒಂದನ್ನು ತಿರುಗಿಸಿ ಒತ್ತಿದರೆ ಗಾಳಿ ಕೂಡ ಆಡದಂತೆ ಕೂತಿತು. ಇನ್ನು ಗಣಿಯ ಸಿಡಿತಕ್ಕೆ ಹಲಗೆ ಅದುರಿ ಗಾಜು ಗಾಜಿಗೆ ಬಡಿಯಬಾರದಲ್ಲ? ಹಣ್ಣಿನ ಮರದ ಪೆಟ್ಟಿಗೆಯೊಂದರಲ್ಲಿ ಮೆತ್ತನೆ ಏನಾದರೂ ತುಂಬಿ ಅದರಲ್ಲಿ ಬಾಟಲಿ ಕೂರಿಸೋಣ ಎಂದುಕೊಂಡಳು. ಫೊರ್ತುನಾತೊ ಬಡಗಿಯ ಅಂಗಡಿಯಿಂದ ಒಂದು ಚೀಲ ಮರದ ಹೊಟ್ಟು ಹೊತ್ತು ತಂದ.

"ತಗೋ ಸತುಕಾ, ನಿನ್ನ ಕೂಸಿಗೆ ಹಾಸಿಗೆ," ಎಂದ ಏದುಸಿರು ಬಿಡುತ್ತ.

ನಮಗೆ ಗಣಿಯೂರಿನವರಿಗೆ ಏನೇ ಒಡೆಯುವ ವಸ್ತು ಇದ್ದರೂ ಮರದ ಹೊಟ್ಟಿನಲ್ಲಿ ಹೂತಿಡುವುದು ಅಭ್ಯಾಸ. ಸಿಡಿಮದ್ದು ಬರುವುದು ಹಾಗೆ, ದೀಪದ ಗಾಜು ಬರುವುದು ಹಾಗೆ. ಅವಳಿಗೆ ಅನುಮಾನವೇ ಬರಲಿಲ್ಲ. ಬಾಟಲಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವಳು ಬಿರಡೆಯ ಬಗ್ಗೆ, ಹೊಟ್ಟಿನ ಬಗ್ಗೆ ಒಂದು ಗಳಿಗೆ ಯೋಚಿಸಲಿಲ್ಲ. ಆ ರಾತ್ರಿ ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು, ಪಾಪ. ಬೇಸಿಗೆ ರಜೆಯುದ್ದಕ್ಕೂ ಬೀಗ ಹಾಕಿದ ಕೋಣೆಯಲ್ಲಿ ಆಮ್ಲದ ಆವಿ ಆ ರಬ್ಬರನ್ನು ಒಳಗಿನಿಂದ ಮೆಲ್ಲಗೆ ಮೇಯುತ್ತಿತ್ತು.

ಶಾಲೆ ತೆರೆಯಿತು, ಹಿಂದೆಯೇ ಕಾರ್ನಿವಲ್ ಬಂತು. ಹಬ್ಬದ ಮುಂಚಿನ ಶುಕ್ರವಾರ ನಾವು ಕೆಲಸದ ಜಾಗಕ್ಕೆಲ್ಲ ಚಲ್ಯಾ ಮಾಡುತ್ತೇವೆ. ಗೋಡೆಗೆ ಬಣ್ಣದ ಕಾಗದದ ಸುರುಳಿ ಸುತ್ತಿ, ಹೂವಿನ ಎಸಳು ಚೆಲ್ಲಿ, ಭೂತಾಯಿ ಪಾಚಮಾಮಾಗೆ ನಾಲ್ಕೂ ಮೂಲೆಯಲ್ಲಿ ಕಬ್ಬಿನ ಸಾರಾಯಿ ಸುರಿದು, ಮಡಕೆಯ ಕೆಂಡಕ್ಕೆ ಧೂಪ ಹಾಕಿ ಹೊಗೆ ತೋರಿಸುವುದು. ಲಾರಿಗೂ ಮಾಡುತ್ತೇವೆ, ಹೊಲಿಗೆ ಯಂತ್ರಕ್ಕೂ ಮಾಡುತ್ತೇವೆ. ಸತುರ್ನಿನಾ ಮಾತ್ರ ಪ್ರತಿ ವರ್ಷ ಏನಾದರೂ ನೆಪ ಹೇಳಿ ಸ್ಟೋರ್ ಕೋಣೆಯ ಬಾಗಿಲಲ್ಲೇ ಮುಗಿಸಿಬಿಡುತ್ತಿದ್ದಳು.

ಈ ಸಲ ಮೆರವಣಿಗೆ ಅಲ್ಲಿಗೆ ಬಂದಾಗ ವಾಲ್ತೇರ್ ಗಿಟಾರಿನ ಮೇಲೆ ತಾಳ ಹಾಕುತ್ತ ಕೂಗಿದ. "ವಿಸ್ಕಾಚಾ ಬಿಲದ ಬಾಗಿಲು ತೆಗೆಯಲ್ಲ ಕಣ್ರಪ್ಪೋ! ಪಾಚಮಾಮಾ ಹಸ್ಕೊಂಡು ಹೊರಗೇ ನಿಲ್ಲಬೇಕು!"

ಎಲ್ಲರೂ ಹೋ ಎಂದರು. ಮೇಡಂ ಎದೆಲ್ಮೀರಾ, ಕೆನ್ನೆಗೆ ಬಣ್ಣ ಬಳಿಸಿಕೊಂಡು ಒಳ್ಳೆ ಖುಷಿಯಲ್ಲಿದ್ದವರು, "ತೆಗೀರಿ ಪ್ರೊಫೆ, ವರ್ಷಕ್ಕೊಂದ್ಸಲ. ತಾಯಿ ಮುನಿಸ್ಕೊಂಡ್ರೆ ಒಳ್ಳೇದಲ್ಲ," ಎಂದರು.

ಅವಳು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಬೇಡ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಎಲ್ಲರ ಮುಖದಲ್ಲೂ ನಗು. ಹೇಗೂ ಬಾಟಲಿ ಬದಲಾಯಿಸಿದ್ದೇನಲ್ಲ, ಈಗೇನು ಭಯ, ಎಂದು ತನಗೆ ತಾನೇ ಹೇಳಿಕೊಂಡಳು. ಬೀಗ ತೆಗೆದಳು.

ಫೊರ್ತುನಾತೊ ಒಬ್ಬನೇ ಒಳಗೆ ಹೋದ, ಇಬ್ಬರು ನಿಲ್ಲುವಷ್ಟು ಜಾಗ ಇರಲಿಲ್ಲ. ಒಂದು ಕೈಯಲ್ಲಿ ಧೂಪದ ಮಡಕೆ, ಇನ್ನೊಂದರಲ್ಲಿ ಸಾರಾಯಿ ಶೀಷೆ, ಕೊರಳಲ್ಲಿ ಕಾಗದದ ಸುರುಳಿಗಳು. ಮಡಕೆಯನ್ನು ಹೊಸ್ತಿಲ ಒಳಗೆ ಇಟ್ಟು ಮೂಲೆ ಮೂಲೆಗೆ ಸಾರಾಯಿ ಸುರಿದ. ಕೈ ಧಾರಾಳ ಅವನದು. ಆಮ್ಲದ ಪೆಟ್ಟಿಗೆ ಇದ್ದ ಕಡೆಗೂ ಒಂದು ಒಳ್ಳೆ ಸುರಿ ಸುರಿದ. ಆಮೇಲೆ, "ಇದು ನಮ್ಮ ಸತುಕಾ ಕೂಸು, ಇದಕ್ಕೂ ಹಾರ ಹಾಕೋಣ," ಎನ್ನುತ್ತ ಹಳದಿ ಸುರುಳಿಯೊಂದನ್ನು ಬಾಟಲಿಯ ಕತ್ತಿಗೆ ಸುತ್ತಿ ಎಳೆದ.

ಬಾಟಲಿ ವಾಲಿತು. ಬಿರಡೆ ಇರಬೇಕಾದ ಕಡೆ ಬಿರಡೆ ಇರಲಿಲ್ಲ, ಅಂಟು ಅಂಟಾದ ಕಂದು ಮುದ್ದೆಯೊಂದು ಇತ್ತು. ಅದು ಜಾರಿತು. ಆಮ್ಲ ಗಟಗಟನೆ ಸಾರಾಯಿಯಲ್ಲಿ ನೆಂದ ಹೊಟ್ಟಿನೊಳಗೆ ಇಳಿಯಿತು.

ಮೊದಲು ಸುಯ್ ಎಂಬ ಸದ್ದು. ಆಮೇಲೆ ಪೆಟ್ಟಿಗೆಯಿಂದ ಹೊಗೆ ಎದ್ದಿತು. ಧೂಪದ ಬಿಳಿ ಹೊಗೆಯಲ್ಲ, ಕೆಂಪು ಮಿಶ್ರಿತ ಕಂದು ಹೊಗೆ, ದಪ್ಪಕ್ಕೆ, ಉರುಳಿ ಉರುಳಿ ಬರುವಂಥದ್ದು.

"ನೋಡ್ರೋ! ತಾಯಿ ತಗೊಂಡ್ಲು!" ಎಂದು ಫೊರ್ತುನಾತೊ ಕೂಗಿದ. ಅರ್ಪಿಸಿದ್ದು ಬೆಂಕಿ ತಾಗದೆ ತಾನೇ ಹೊಗೆಯಾಡಿದರೆ ಪಾಚಮಾಮಾ ಕೈಯಾರೆ ತೆಗೆದುಕೊಂಡಳು ಎಂದು ಅರ್ಥ, ಇದು ಅವನ ಅಜ್ಜ ಹೇಳಿದ ಮಾತು. ಓಣಿಯಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ವಾಲ್ತೇರ್ ಗಿಟಾರು ಬಾರಿಸಿದ. ಮುದುಕ ಹ್ಯಾಟು ತೆಗೆದು, ಮಂಡಿಯೂರಿ, ಆಶೀರ್ವಾದದ ಹೊಗೆ ಪೂರ್ತಿ ಸಿಗಲಿ ಎಂದು ಹ್ಯಾಟಿನಿಂದ ಮುಖದ ಕಡೆಗೆ ಬೀಸಿಕೊಂಡು ಎದೆ ತುಂಬ ಎಳೆದುಕೊಂಡ.

ಸತುರ್ನಿನಾ ಹೊಸ್ತಿಲಲ್ಲಿ ನಿಂತಿದ್ದಳು. ಅದು ಏನೆಂದು ಅಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಕೂಗಬೇಕು. ಬಾಯಿ ತೆರೆದಳು. ಏನೂ ಬರಲಿಲ್ಲ! ಪದ್ರಿನೊ ಇನ್ನೊಮ್ಮೆ ಉಸಿರೆಳೆದ. ಕೆಂಡದ ಮಡಕೆ ಅವನ ಹಿಮ್ಮಡಿಯ ಹತ್ತಿರವೇ ಇತ್ತು, ಸುರಿದ ಸಾರಾಯಿ ನೆಲದ ಮೇಲೆ ಹರಿದು ಅದರ ಕಡೆಗೇ ಬರುತ್ತಿತ್ತು. ಡಬ್ಬಿ ಎದೆಗೊತ್ತಿಕೊಂಡು ನಡೆದ ಆ ಬೆನ್ನು ಇದೇ ಬೆನ್ನು ಎಂದು ಅವಳಿಗೆ ಅನ್ನಿಸಿತು. ಆಗ ಅವಳ ಗಂಟಲಿನಿಂದ ಒಂದು ಅರಚು ಹೊರಟಿತು. ಅದು ಮಾತಲ್ಲ, ಕುಯ್ಯುವಾಗ ಹಂದಿ ಕೂಗುತ್ತದಲ್ಲ, ಅಂಥದ್ದು. ಗಿಟಾರು ನಿಂತುಹೋಯಿತು. ಅವಳು ಮಡಕೆಯನ್ನು ಒದ್ದು ಓಣಿಗೆ ಉರುಳಿಸಿ, ಉಸಿರು ಬಿಗಿಹಿಡಿದು ಒಳನುಗ್ಗಿ, ಮುದುಕನ ನಡುಪಟ್ಟಿ ಹಿಡಿದು ದರದರನೆ ಹೊರಗೆಳೆದು, ಬಾಗಿಲು ಮುಚ್ಚಿದಳು.

"ಓಡಿ! ವಿಷ ಅದು! ಅಂಗಳಕ್ಕೆ ಓಡಿ!"

ಓಡಿದರು. ಬಾಗಿಲ ಸಂದಿಯಿಂದ ಕಂದು ಹೊಗೆ ಹೊರಗೆ ಬರುವುದನ್ನು ಕಂಡಮೇಲೆ ವಾಲ್ತೇರ್ ಎಲ್ಲರಿಗಿಂತ ಮುಂದೆ ಓಡಿದ. ಗಣಿಯ ರಕ್ಷಣಾ ದಳದವರು ಮುಖವಾಡ ಹಾಕಿಕೊಂಡು ಬಂದು ಕೋಣೆ ತೊಳೆದರು. ಪೆಟ್ಟಿಗೆ ಸುಟ್ಟು ಕರಿಕಾಗಿತ್ತು, ಹಲಗೆ ಅರ್ಧ ಹೋಗಿತ್ತು, ಅಷ್ಟೆ. ಬಾಟಲಿಗೆ ಸುರುಳಿ ಸುತ್ತುವಾಗ ಮುದುಕನ ಕೈಗೆ ಸಿಡಿದಿದ್ದ ಹನಿಗಳನ್ನು ನಲ್ಲಿಯ ಕೆಳಗೆ ಹಿಡಿಸಿ ತೊಳೆದಿದ್ದಾಗಿತ್ತು. ಫೊರ್ತುನಾತೊ ಒಂದಿಷ್ಟು ಕೆಮ್ಮಿದ, ಕಣ್ಣೊರೆಸಿಕೊಂಡ, ಆಮೇಲೆ ಅಂಗಳದ ಬಿಸಿಲಲ್ಲಿ ಕೂತು ನಗಲು ಶುರು ಮಾಡಿದ. "ನಲವತ್ತು ವರ್ಷ ಗಣಿ ಹೊಗೆ ಕುಡಿದವನಿಗೆ ಇದ್ಯಾವ ಲೆಕ್ಕ! ನನ್ನ ಪಾಲಿನ ಗ್ಲಾಸು ಎಲ್ಲಿ?"

ಎಲ್ಲರೂ ನಿರಾಳವಾದರು. ನಗು ವಾಪಸು ಬಂತು.

ಸತುರ್ನಿನಾಗೆ ನಿಜವಾದ ಹೆದರಿಕೆ ಹಿಡಿದಿದ್ದು ಆಗ. ಓದುವ ಕಾಲದಲ್ಲಿ ಒಬ್ಬ ಮೇಷ್ಟ್ರು ಹೇಳಿದ್ದು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಈ ಕಂದು ಹೊಗೆ ಮೋಸಗಾರ. ಕುಡಿದವನು ಮೊದಲು ಕೆಮ್ಮುತ್ತಾನೆ, ಆಮೇಲೆ ಚೆನ್ನಾಗಾಗುತ್ತಾನೆ, ಉಣ್ಣುತ್ತಾನೆ, ನಗುತ್ತಾನೆ, ಮನೆಗೆ ಹೋಗಿ ಮಲಗುತ್ತಾನೆ. ಮಲಗಿದವನ ಎದೆಯೊಳಗೆ ನೀರು ತುಂಬುತ್ತದೆ. ಪದ್ರಿನೊ ನಕ್ಕಷ್ಟೂ ಅವಳ ಹೆದರಿಕೆ ಹೆಚ್ಚಿತು.

"ಪದ್ರಿನೊ, ಆಸ್ಪತ್ರೆಗೆ ನಡೀರಿ."

"ಯಾಕೆ ಮಗಳೇ? ಕುಣಿಯೋ ಹೊತ್ತಲ್ಲಿ?"

"ನಡೀರಿ ಅಂದೆ."

"ಶುರುವಾಯ್ತು ನೋಡಿ," ಎಂದ ವಾಲ್ತೇರ್. "ಮನುಷ್ಯ ಕಲ್ಲಿನ ಹಾಗೆ ಕೂತಿದಾನೆ, ಇವರು ಶವಪೆಟ್ಟಿಗೆ ಅಳತೆ ತಗೋತಿದಾರೆ!"

ಎದೆಲ್ಮೀರಾ ಮೆಲ್ಲಗೆ ಅವಳ ತೋಳು ಹಿಡಿದರು. "ಸಾಕು ಪ್ರೊಫೆ. ನಿಮಗೆ ಗಾಬರಿಯಾಗಿದೆ, ಕೂತ್ಕೊಳ್ಳಿ."

ಕೂತುಬಿಡಬಹುದಾಗಿತ್ತು. ಅವಳಿಗೆ ತನ್ನ ಮೇಲೇ ನಾಚಿಕೆಯಾಗುತ್ತಿತ್ತು. ಆದರೆ ಅವಳು ಫೊರ್ತುನಾತೊನ ಮುಂದೆ ಮಂಡಿಯೂರಿ, ಅಷ್ಟು ಜನರ ಎದುರಿಗೆ, ಅಳುತ್ತ ಹೇಳಿದಳು. "ನಂಗೆ ಹೆದರ್ಕೆ ಆಗ್ತಿದೆ ಪದ್ರಿನೊ. ನೀವು ಸತ್ತುಹೋಗ್ತೀರಿ ಅಂತ ಹೆದರ್ಕೆ ಆಗ್ತಿದೆ."

ಮುದುಕನ ನಗು ನಿಂತಿತು. ಗ್ಲಾಸಿನಲ್ಲಿ ಉಳಿದಿದ್ದನ್ನು ನೆಲಕ್ಕೆ ಸುರಿದ, ತಾಯಿಯ ಪಾಲು. ಹ್ಯಾಟು ಹಾಕಿಕೊಂಡು ಎದ್ದ. "ನಡಿ. ನನಗೇನೂ ಆಗಿಲ್ಲ. ನಿನ್ನ ಹೆದರ್ಕೆಗೋಸ್ಕರ ಬರ್ತೀನಿ."

ಗಣಿ ಆಸ್ಪತ್ರೆಯಲ್ಲಿ ಹಬ್ಬದ ದಿನ ಒಬ್ಬನೇ ಡಾಕ್ಟರು, ಮೀಸೆ ಇನ್ನೂ ಸರಿಯಾಗಿ ಮೂಡದವನು. ಎದೆಗೆ ಕೊಳವೆ ಇಟ್ಟು ಕೇಳಿ, "ಗಣಿಯವರ ಹಳೇ ಎದೆ, ಅಷ್ಟೆ. ಮನೆಗೆ ಕರ್ಕೊಂಡು ಹೋಗಿ," ಎಂದ. ಅವಳು ಹೋಗಲಿಲ್ಲ. ಹೊಗೆಯ ಹೆಸರು ಹೇಳಿದಳು, ಮೇಷ್ಟ್ರು ಹೇಳಿದ್ದು ಹೇಳಿದಳು. ಅವನು ಹುಬ್ಬು ಗಂಟಿಕ್ಕಿದ, ಮತ್ತೆ ಎದೆಗೆ ಕೊಳವೆ ಇಟ್ಟ. "ಸರಿ, ಬೆಡ್ಡು ಖಾಲಿ ಇದೆ, ಸಂಜೆವರೆಗೂ ಮಲಗಿರಲಿ," ಎಂದ.

ಅವಳು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಳು. ಹೊರಗೆ ಬೀದಿಯಲ್ಲಿ ಬ್ಯಾಂಡು, ಪಟಾಕಿ. ಫೊರ್ತುನಾತೊ ತಮಾಷೆ ಮಾಡುತ್ತ ಇದ್ದ, ನರ್ಸಿಗೆ ನನ್ನನ್ನು ಮದುವೆಯಾಗು ಅಂದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ನನ್ನ ಲೆಕ್ಕ ತಪ್ಪಾಗಿರಲಿ ದೇವರೇ, ಊರೆಲ್ಲ ನಗಲಿ, ಸಾಯೋತನಕ ವಿಸ್ಕಾಚಾ ಅನ್ನಲಿ, ಎಂದು ಬೇಡಿಕೊಂಡಳು. ಬಿಸಿಲು ಕಿಟಕಿಯಿಂದ ಗೋಡೆಗೆ ಏರಿತು. ಮುದುಕನ ತಮಾಷೆ ಕಡಿಮೆಯಾಯಿತು. ಆಮೇಲೆ ಅವನು ದಿಂಬು ಎತ್ತರ ಮಾಡು ಎಂದ. ಆಮೇಲೆ ಎದ್ದು ಕೂತು ಮಂಚದ ಅಂಚು ಎರಡೂ ಕೈಯಲ್ಲಿ ಹಿಡಿದುಕೊಂಡ. ತುಟಿ ನೀಲಿಯಾಗಿತ್ತು. ಕೆಮ್ಮಿದರೆ ನಸುಗೆಂಪು ನೊರೆ.

"ಡಾಕ್ಟ್ರೇ!" ಎಂದು ಅವಳು ಕೂಗಿದಳು. ಈ ಸಲ ಗಂಟಲು ಕೈಕೊಡಲಿಲ್ಲ.

ಡಾಕ್ಟರು ಓಡಿ ಬಂದ, ಆಮ್ಲಜನಕದ ಸಿಲಿಂಡರು ಬಂತು, ಮುಖಕ್ಕೆ ಮುಖವಾಡ ಬಿತ್ತು. ಮಾರನೆಯ ದಿನ ಬೆಳಗಾಗುವ ತನಕ ಆ ಹುಡುಗ ಮಂಚ ಬಿಟ್ಟು ಅಲ್ಲಾಡಲಿಲ್ಲ. "ಮನೇಲಿ ಮಲಗಿದ್ರೆ ಇವರು ಏಳ್ತಿರಲಿಲ್ಲ," ಎಂದು ಮಾತ್ರ ಹೇಳಿದ, ಅವಳ ಮುಖ ನೋಡದೆ.

ಮೂರ್ನಾಲ್ಕು ದಿನದ ಮೇಲೆ ಮುಖವಾಡ ಸ್ವಲ್ಪ ಹೊತ್ತು ತೆಗೆಯಲು ಬಿಟ್ಟರು. ವಾಲ್ತೇರ್ ಬಂದು ಕಿತ್ತಳೆ ಹಣ್ಣು ಇಟ್ಟು ಹೋಗಿದ್ದ. ಸತುರ್ನಿನಾಗೆ ಗೆದ್ದ ಖುಷಿ ಯಾವುದೂ ಇರಲಿಲ್ಲ. ಅವಳು ಮುದುಕನ ಸುಟ್ಟ ಕೈ ಹಿಡಿದುಕೊಂಡು ಹೇಳಿಬಿಟ್ಟಳು.

"ರಬ್ಬರ್ ಬಿರಡೆ ಹಾಕಿದ್ದು ನಾನು ಪದ್ರಿನೊ. ಆ ಆಮ್ಲಕ್ಕೆ ಗಾಜಿನ ಬಿರಡೆಯೇ ಬೇಕು. ಹೊಟ್ಟು ಹಾಕ್ಲೇಬಾರದು, ಅದು ಬೆಂಕಿಗೆ ತುಪ್ಪ ಸುರಿದ ಹಾಗೆ. ಬಾಟಲಿ ಒಂದು ಸರಿ ಮಾಡಿ ಎಲ್ಲಾ ಸರಿಹೋಯ್ತು ಅಂದ್ಕೊಂಡೆ. ಬಾಗಿಲು ತೆಗೆಯೋವಾಗ ನಂಗೆ ಭಯ ಆಗಿತ್ತು. ನಗ್ತಾರೆ ಅಂತ ಬಾಯಿ ಮುಚ್ಕೊಂಡೆ."

ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ. "ಹೊಟ್ಟು ಹೊತ್ಕೊಂಡು ಬಂದೋನು ನಾನಲ್ವಾ," ಎಂದ. ಆಮೇಲೆ ಮತ್ತೆ, "ಆ ಹಾಲಿನ ಡಬ್ಬಿ ನೆನಪಿದ್ಯಾ?"

"ಮರೆಯೋದುಂಟಾ?"

"ಅದನ್ನ ಹೊತ್ಕೊಂಡು ಹೋಗೋವಾಗ ನನ್ನ ಚಡ್ಡಿ ಒದ್ದೆಯಾಗಿತ್ತು ಸತುಕಾ. ಹೆಂಡತಿಗೂ ಹೇಳಿಲ್ಲ." ಮುಖವಾಡವನ್ನು ತಾನೇ ಎಳೆದು ಹಾಕಿಕೊಂಡ, ಮುಂದೆ ಮಾತಾಡಬೇಕಾಗಿ ಬರಬಾರದು ಎಂದು.

ಫೊರ್ತುನಾತೊ ಬದುಕಿದ. ಆದರೆ ಉಳಿದಿದ್ದ ಅರ್ಧ ಎದೆಯಲ್ಲಿ ಅರ್ಧ ಹೋಯಿತು. ಗೇಟಿನಿಂದ ಅಂಗಳದವರೆಗೆ ನಡೆಯಲು ಎರಡು ಕಡೆ ನಿಲ್ಲಬೇಕು. ಮುಂದಿನ ವರ್ಷದ ಚಲ್ಯಾ ದಿನ ಅವನನ್ನು ಕುರ್ಚಿ ಸಮೇತ ಎತ್ತಿ ತಂದು ಅಂಗಳದಲ್ಲಿ ಬಿಸಿಲಿಗೆ ಕೂರಿಸಿದರು. ಎತ್ತಿದವರಲ್ಲಿ ವಾಲ್ತೇರ್ ಒಬ್ಬ.

ಸ್ಟೋರ್ ಕೋಣೆಯಲ್ಲಿ ಈಗ ಆಮ್ಲಗಳಿಗೆ ಗಾಜಿನ ಬಿರಡೆಯ ಬಾಟಲಿಗಳು, ಅವುಗಳ ಕೆಳಗೆ ಒಣ ಮರಳು ತುಂಬಿದ ಪಿಂಗಾಣಿ ತಟ್ಟೆಗಳು. ಗೋಡೆಗೆ ಗಾಳಿಕಿಂಡಿ ಹೊಡೆಸಿದ್ದಾರೆ. ಮೆರವಣಿಗೆ ಆ ಬಾಗಿಲಿಗೆ ಬಂದು ನಿಂತಿತು. ಎದೆಲ್ಮೀರಾ ಕೈಯಲ್ಲಿ ಸಾರಾಯಿ ಹಿಡಿದು ಸತುರ್ನಿನಾಳ ಮುಖ ನೋಡಿದರು. ಎಲ್ಲರೂ ನೋಡಿದರು.

ಅಂಗಳದಿಂದ ಸೀಳು ದನಿ ಬಂತು. "ಸತುಕಾ! ಹೆದರ್ಕೆ ಆಗ್ತಿದ್ಯೇನೇ?"

"ಆಗ್ತಿದೆ ಪದ್ರಿನೊ!" ಎಂದು ಅವಳು ಗಟ್ಟಿಯಾಗಿ ಕೂಗಿದಳು.

"ಹಾಗಾದ್ರೆ ಬೀಗ ತೆಗೀಬೇಡ!"

ಅವಳು ತೆಗೆಯಲಿಲ್ಲ. ವಾಲ್ತೇರ್ ಕೆಂಡದ ಮಡಕೆಯನ್ನು ಅಂಗಳಕ್ಕೆ ಒಯ್ದು, ಮುದುಕನಿಂದಲೂ ದೂರದಲ್ಲಿ, ಹೊಗೆ ಆಚೆ ಹೋಗುವ ಕಡೆ ಇಟ್ಟು ಬಂದ. ಸಾರಾಯಿಯನ್ನು ಹೊಸ್ತಿಲ ಹೊರಗೆ, ಮಣ್ಣಿಗೆ, ಮೂರು ಹನಿ ಮಾತ್ರ ಸುರಿದರು.